ರೆಸ್ಯೂಮೆಯ ಸಕಲಕಲಾವಲ್ಲಭರು

ಮೂರನೇ ಸೆಮ್ ಮುಗಿಯೋ ಹೊತ್ತಿಗೆ ನಮ್ಮಲ್ಲಿ ಎಲ್ಲರಿಗೂ ರೆಸ್ಯೂಮೆ ಜ್ವರ ಹತ್ತತ್ತೆ. ಇಂಟರ್ನ್‌ಶಿಪ್‌ಗೆ ಅಪ್ಲೈ ಮಾಡಬೇಕು, ಲಿಂಕ್ಡ್‌ಇನ್‌ಗೆ ಫಾರ್ಮಲ್ ಶರ್ಟ್ ಹಾಕ್ಕೊಂಡು ಫೋಟೋ ತೆಗೆಸಬೇಕು, ಗಿಟ್‌ಹಬ್ಬಿನ ಹಸಿರು ಚೌಕ ತುಂಬಿಸಬೇಕು. ಹೋದ ತಿಂಗಳು ನಮ್ಮ ಹಾಸ್ಟೆಲ್ ಫ್ಲೋರಲ್ಲಿ ಐದಾರು ರೆಸ್ಯೂಮೆ ಓದಿದೆ. ಒಂದರಲ್ಲಿ ಸ್ಕಿಲ್ಸ್ ಕೆಳಗೆ 22 ಹೆಸರು ಇದ್ದವು. ಎರಡು ಸಲ ಎಣಿಸಿದೆ. ಸಿ, ಜಾವಾ, ಪೈಥಾನ್‌ನಿಂದ ಶುರುವಾಗಿ ರಿಯಾಕ್ಟ್, ಡಾಕರ್, ಕ್ಯುಬರ್ನೆಟೀಸ್, ಟೆನ್ಸರ್‌ಫ್ಲೋ, ಬ್ಲಾಕ್‌ಚೈನ್ ದಾಟಿ ಕೊನೆಗೆ ಎಂಎಸ್ ವರ್ಡಿನ ತನಕ. ಅದರ ಕೆಳಗೆ ಸ್ಟ್ರೆಂತ್ಸ್: ವರ್ಸಟೈಲ್, ಕ್ವಿಕ್ ಲರ್ನರ್, ಟೀಮ್ ಪ್ಲೇಯರ್.

ನಗೋ ವಿಷಯ ಅಲ್ಲ ಇದು. ಆ ಹುಡುಗ ಅದನ್ನ ಸುಮ್ನೆ ಬರೆದಿದ್ದಲ್ಲ. ನಮಗೆ ಪ್ಲೇಸ್‌ಮೆಂಟ್ ಟ್ರೈನಿಂಗ್ ಕೊಡೋಕೆ ಬಂದಿದ್ದವರು ಎರಡು ಗಂಟೆ ಹೇಳಿದ್ದು ಇಷ್ಟೇ: ವರ್ಸಟೈಲ್ ಆಗಿರಿ, ಇಂಡಸ್ಟ್ರಿಗೆ ಅದೇ ಬೇಕು. ಅದಾಗಿ ಎರಡು ವಾರಕ್ಕೆ ಒಬ್ಬ ಸೀನಿಯರ್ ಬಂದು, ಹತ್ತು ಕಡೆ ಬಾವಿ ತೋಡಬೇಡಿ, ಒಂದು ಸ್ಟ್ಯಾಕ್ ಹಿಡಿದು ಅದರಲ್ಲೇ ಇಳೀರಿ ಅಂದ್ರು. ಇಬ್ಬರಿಗೂ ನಾವು ಚಪ್ಪಾಳೆ ತಟ್ಟಿದ್ವಿ. ರೂಮಿಗೆ ಬಂದು ಮತ್ತೆ ಅದೇ ಪ್ರಶ್ನೆ. ಕಾಲೇಜು ಉಳಿದಿರೋದು ಎರಡು ವರ್ಷ ಚಿಲ್ಲರೆ. ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್, ಅಟೆಂಡೆನ್ಸ್ ಕಳೆದು ಕೈಗೆ ಸಿಗೋ ಸಂಜೆಗಳು ಲೆಕ್ಕದಷ್ಟು. ಅಪ್ಪ ತೆಗೆದ ಎಜುಕೇಶನ್ ಲೋನಿನ ಕಂತು ಕೋರ್ಸ್ ಮುಗಿದ ಮೇಲೆ ಶುರುವಾಗತ್ತೆ. ಆ ಸಂಜೆಗಳನ್ನ ಎಲ್ಲಿ ಹಾಕಬೇಕು ಅನ್ನೋದು ನಮ್ಮಲ್ಲಿ ತುಂಬ ಜನಕ್ಕೆ ದುಡ್ಡಿನ ಪ್ರಶ್ನೆ.

ನನಗನಿಸೋದು, ಇಬ್ಬರ ಸಲಹೆಯಲ್ಲೂ ಒಂದು ತಪ್ಪು ಇದೆ. ಸಾಫ್ಟ್‌ವೇರ್ ಅಂದ್ರೆ ಸಾಲಾಗಿ ಇಟ್ಟ ಡಬ್ಬಗಳು, ಎಷ್ಟು ಡಬ್ಬ ತೆರೀಬೇಕು ಅನ್ನೋದೊಂದೇ ಪ್ರಶ್ನೆ ಅಂತ ಇಬ್ಬರೂ ಅಂದ್ಕೊಂಡಿದ್ದಾರೆ. ಇದು ಹೇಗೆ ತಪ್ಪು ಅಂತ ಹೇಳೋಕೆ ನನಗೆ ಗೊತ್ತಿರೋ ಒಳ್ಳೇ ದಾರಿ ಅಂದ್ರೆ ಒಬ್ಬ ಮನುಷ್ಯನ ಕೆಲಸ ತೋರಿಸೋದು.

ಫ್ಯಾಬ್ರಿಸ್ ಬೆಲಾರ್. ಹುಟ್ಟಿದ್ದು 1972ರಲ್ಲಿ, ಫ್ರಾನ್ಸಿನ ಗ್ರೆನೋಬ್ಲ್ ಊರಲ್ಲಿ. ಹೆಸರು ಕೇಳಿಲ್ಲ ಅಂದ್ರೆ ಆಶ್ಚರ್ಯ ಇಲ್ಲ, ನನಗೂ ಹೋದ ವರ್ಷದ ತನಕ ಗೊತ್ತಿರಲಿಲ್ಲ. ಆದ್ರೆ ಆತ ಶುರು ಮಾಡಿದ ಕೋಡ್ ನಿಮ್ಮ ಲ್ಯಾಪ್‌ಟಾಪಲ್ಲಿ ಈಗಲೇ ಇರೋ ಸಾಧ್ಯತೆ ಜಾಸ್ತಿ. ವಿಎಲ್‌ಸಿಯಲ್ಲಿ ಸಿನಿಮಾ ನೋಡ್ತೀರಾ? ಒಳಗೆ ಕೂತು ವಿಡಿಯೊ ಡೀಕೋಡ್ ಮಾಡೋದು ಬಹುಪಾಲು ಎಫ್‌ಎಫ್‌ಎಂಪೆಗ್ಗಿನ ಲೈಬ್ರರಿ. ಆಂಡ್ರಾಯ್ಡ್ ಸ್ಟುಡಿಯೋದ ಎಮ್ಯುಲೇಟರ್ ಆನ್ ಮಾಡಿ, ಲ್ಯಾಪ್‌ಟಾಪ್ ಫ್ಯಾನ್ ಹೆಲಿಕಾಪ್ಟರ್ ಥರ ಕೂಗೋದು ಕೇಳಿದ್ದೀರಾ? ಅದರ ಬುಡದಲ್ಲಿರೋದು ಕ್ಯೂ-ಎಮು. ಎರಡನ್ನೂ ಶುರು ಮಾಡಿದ್ದು ಒಬ್ಬನೇ, ಮೂರು ವರ್ಷದ ಅಂತರದಲ್ಲಿ.

ಆತನ ಪಟ್ಟಿಯನ್ನ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ನನ್ನ ವಾದ ಪಟ್ಟಿಯಲ್ಲಿಲ್ಲ. 1989ರಲ್ಲಿ, 17ನೇ ವಯಸ್ಸಿಗೆ, ಎಲ್‌ಝಡ್‌ಎಕ್ಸಿ ಅನ್ನೋ ಡಾಸ್ ಪ್ರೋಗ್ರಾಮ್. 360 ಕೆಬಿ ಫ್ಲಾಪಿಗಳು ಓಡ್ತಿದ್ದ ಕಾಲ ಅದು. ಇದು ಒಂದು ಎಕ್ಸಿ ಫೈಲನ್ನ ಹಿಂಡಿ ಚಿಕ್ಕದು ಮಾಡತ್ತೆ, ಓಡಿಸಿದಾಗ ಅದು ಮೆಮೊರಿಯಲ್ಲಿ ತಾನೇ ಬಿಚ್ಚಿಕೊಂಡು ಓಡತ್ತೆ. ಬಿಚ್ಚೋ ಕೋಡ್ ಕೆಲವೇ ನೂರು ಬೈಟ್. ಆಮೇಲೆ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಓದು. 1997ರಲ್ಲಿ ಪೈ ಸಂಖ್ಯೆಯ ಬೈನರಿ ಅಂಕಿಗಳನ್ನ, ಹಿಂದಿನವು ಯಾವುದೂ ಇಲ್ಲದೆ, ಬೇಕಾದ ಜಾಗದಿಂದಲೇ ಲೆಕ್ಕ ಹಾಕೋ ಒಂದು ವೇಗದ ಸೂತ್ರ. 2000ದಲ್ಲಿ ಎಫ್‌ಎಫ್‌ಎಂಪೆಗ್, ಅದೂ ಗೆರಾರ್ ಲಾಂಟೋ ಅನ್ನೋ ಸುಳ್ಳು ಹೆಸರಲ್ಲಿ. 2000 ಮತ್ತು 2001ರಲ್ಲಿ, ಯಾರಿಗೂ ಅರ್ಥವಾಗದಂತೆ ಸಿ ಕೋಡ್ ಬರೆಯೋ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆಲುವು. (ನಮ್ಮ ಲ್ಯಾಬಲ್ಲಿ ಈ ಕಲೆಗೆ ಪ್ರತಿಭೆಗಳ ಕೊರತೆ ಇಲ್ಲ, ಸ್ಪರ್ಧೆ ಇರೋದೇ ಗೊತ್ತಿಲ್ಲ ಅಷ್ಟೆ.) 2003ರಲ್ಲಿ ಕ್ಯೂ-ಎಮು. 2009ರ ಕೊನೆಗೆ ಪೈ ದಾಖಲೆ. 2011ರಲ್ಲಿ ಬ್ರೌಸರ್ ಒಳಗೆ ಲಿನಕ್ಸ್ ಬೂಟ್ ಆಗೋ ಜೆಎಸ್‌ಲಿನಕ್ಸ್. 2012ರಲ್ಲಿ ಅಮಾರಿಸಾಫ್ಟ್ ಅನ್ನೋ ಕಂಪನಿಯ ಸಹಸ್ಥಾಪಕ. 4ಜಿ ಬೇಸ್ ಸ್ಟೇಷನ್ನಿನ ಕೆಲಸವನ್ನ ಮಾಮೂಲಿ ಪಿಸಿ ಮೇಲೆ ಸಾಫ್ಟ್‌ವೇರಲ್ಲೇ ಮಾಡೋ ಕಂಪನಿ ಅದು. 2019ರಲ್ಲಿ ಕ್ವಿಕ್‌ಜೆಎಸ್ ಅನ್ನೋ ಪುಟ್ಟ ಜಾವಾಸ್ಕ್ರಿಪ್ಟ್ ಎಂಜಿನ್, ಇನ್ನೊಬ್ಬರ ಜೊತೆ ಸೇರಿ. ಇತ್ತೀಚೆಗೆ ಲ್ಯಾಂಗ್ವೇಜ್ ಮಾಡೆಲ್ ಬಳಸಿ ಟೆಕ್ಸ್ಟ್ ಕಂಪ್ರೆಸ್ ಮಾಡೋ ಟೂಲ್.

ಇದನ್ನ ನಮ್ಮ ಶೈಲಿಯ ರೆಸ್ಯೂಮೆಗೆ ಹಾಕಿದ್ರೆ ಹೇಗಿರತ್ತೆ? ಕಂಪ್ರೆಶನ್, ಮಲ್ಟಿಮೀಡಿಯಾ, ಕಂಪೈಲರ್, ವರ್ಚುವಲೈಸೇಶನ್, ನಂಬರ್ ಥಿಯರಿ, ಟೆಲಿಕಾಂ, ವೆಬ್, ಎಐ. ಓದಿದ ಎಚ್‌ಆರ್‌ಗೆ ಗ್ಯಾರಂಟಿ ಡೌಟ್ ಬರತ್ತೆ. 22 ಸ್ಕಿಲ್ಲಿನ ನನ್ನ ಫ್ರೆಂಡಿಗೂ ಈತನಿಗೂ ಕಾಗದದ ಮೇಲೆ ವ್ಯತ್ಯಾಸವೇ ಕಾಣಲ್ಲ.

ವ್ಯತ್ಯಾಸ ಕಾಣೋದು ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗೋ ದಾರಿ ಹುಡುಕಿದಾಗ. ನಾನು ಹುಡುಕಿದೆ. ಒಂದು ದಾರಿ ನೇರವಾಗಿ ನಮ್ಮ ಮ್ಯಾಥ್ಸ್ ಸಿಲಬಸ್ಸಿಗೆ ಬಂದು ನಿಂತಿತು.

ಪೈ ದಾಖಲೆಯಿಂದ ಶುರು ಮಾಡೋಣ. 2009ರ ಡಿಸೆಂಬರ್ ಕೊನೆಗೆ ಬೆಲಾರ್ ಪೈನ ಸುಮಾರು 2.7 ಲಕ್ಷ ಕೋಟಿ ಅಂಕಿಗಳನ್ನ ಲೆಕ್ಕ ಹಾಕಿ ಮುಗಿಸಿದ. ಅದೇ ವರ್ಷ ಆಗಸ್ಟಿನಲ್ಲಿ ಜಪಾನಿನವರು ಸೂಪರ್‌ಕಂಪ್ಯೂಟರ್ ಮೇಲೆ ಮಾಡಿದ್ದ ದಾಖಲೆ ಮುರೀತು. ಈತ ಬಳಸಿದ್ದು ಒಂದು ಡೆಸ್ಕ್‌ಟಾಪ್. ಕೋರ್ ಐ7, 6 ಜಿಬಿ ರ್‍ಯಾಮ್, 1.5 ಟಿಬಿಯ ಐದು ಹಾರ್ಡ್‌ಡಿಸ್ಕ್. ನಮ್ಮ ಫ್ಲೋರಲ್ಲಿ ಗೇಮ್ ಆಡೋಕೆ ಇಟ್ಕೊಂಡಿರೋ ಲ್ಯಾಪ್‌ಟಾಪ್ ಇದಕ್ಕಿಂತ ಜೋರಾಗಿದೆ. ಬೈನರಿ ಅಂಕಿಗಳ ಲೆಕ್ಕಕ್ಕೇ 103 ದಿನ ಬೇಕಾಯ್ತು, ತಾಳೆ ನೋಡೋಕೆ 1997ರ ತನ್ನದೇ ಸೂತ್ರ ಕೆಲಸಕ್ಕೆ ಬಂತು. ತನಗೆ ಪೈ ಅಂಕಿಗಳ ಮೇಲೆ ವಿಶೇಷ ಪ್ರೀತಿ ಏನಿಲ್ಲ, ಆ ಲೆಕ್ಕಕ್ಕೆ ಬೇಕಾದ ಅಲ್ಗಾರಿದಂಗಳ ಮೇಲೆ ಆಸಕ್ತಿ ಅಂತ ಆತನೇ ಬರೆದಿದ್ದಾನೆ.

ಯಾವ ಅಲ್ಗಾರಿದಂ? ಮುಖ್ಯವಾಗಿ ಗುಣಾಕಾರ. ಎರಡನೇ ಕ್ಲಾಸಲ್ಲಿ ಕಲಿತ ಥರ ಗುಣಿಸಿದ್ರೆ ಪ್ರತಿ ಅಂಕಿಗೂ ಇನ್ನೊಂದು ಸಂಖ್ಯೆಯ ಪ್ರತಿ ಅಂಕಿ ತಗುಲಬೇಕು. ಅಂಕಿ ಹತ್ತು ಪಟ್ಟಾದ್ರೆ ಕೆಲಸ ನೂರು ಪಟ್ಟು. ಕೋಟಿಗಟ್ಟಲೆ ಅಂಕಿ ಇರೋ ಸಂಖ್ಯೆಗೆ ಇದು ನಡೆಯೋ ಮಾತಲ್ಲ. ಅದಕ್ಕೆ ಸಂಖ್ಯೆಯನ್ನ ಒಂದು ಸಿಗ್ನಲ್ ಅಂತ ನೋಡಿ ಫಾಸ್ಟ್ ಫೋರಿಯರ್ ಟ್ರಾನ್ಸ್‌ಫಾರ್ಮ್ ತಗೋತಾರೆ. ಟ್ರಾನ್ಸ್‌ಫಾರ್ಮ್ ಆದ ಮೇಲೆ ಗುಣಾಕಾರ ಬರೀ ಎದುರುಬದುರು ಗುಣಿಸೋ ಕೆಲಸ ಆಗತ್ತೆ, ಆಮೇಲೆ ವಾಪಸ್ ತಿರುಗಿಸಿ ದಶಕ ಕೂಡಿಸಿದ್ರೆ ಉತ್ತರ. ಅಂಕಿ ಹತ್ತು ಪಟ್ಟಾದ್ರೆ ಕೆಲಸ ಹತ್ತಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ.

ಈಗ 4ಜಿಗೆ ಬನ್ನಿ. ಟವರಿಂದ ಫೋನಿಗೆ ಡೇಟಾ ಬರೋದು ನೂರಾರು ಸಣ್ಣ ಸಣ್ಣ ಫ್ರೀಕ್ವೆನ್ಸಿಗಳ ಮೇಲೆ ಹಂಚಿಕೊಂಡು. ಅದಕ್ಕೆ ಓಎಫ್‌ಡಿಎಂ ಅಂತಾರೆ. ಹಂಚೋದು, ಮತ್ತೆ ಬೇರೆ ಮಾಡೋದು ಇದೇ ಟ್ರಾನ್ಸ್‌ಫಾರ್ಮಿಂದ. ಯುರೋಪಿನ ಡಿಜಿಟಲ್ ಟಿವಿಯಲ್ಲೂ ಓಎಫ್‌ಡಿಎಂ ಇದೆ. 2005ರಲ್ಲಿ ಬೆಲಾರ್ ಒಂದು ಮಾಮೂಲಿ ವಿಜಿಎ ಕಾರ್ಡಿನಿಂದ, ಸ್ಕ್ರೀನ್ ಮೇಲೆ ಸರಿಯಾದ ಚಿತ್ರ ಮೂಡಿಸೋದರಿಂದಲೇ, ಟಿವಿ ಸಿಗ್ನಲ್ ಹೊರಡೋ ಹಾಗೆ ಮಾಡಿದ್ದ. ಏಳು ವರ್ಷದ ಮೇಲೆ ಬಂದ 4ಜಿ ಕಂಪನಿಯ ಬೀಜ ಅಲ್ಲೇ ಇದೆ ಅಂತ ನಾನು ಊಹಿಸ್ತೀನಿ. ಇನ್ನು ಎಫ್‌ಎಫ್‌ಎಂಪೆಗ್. ವಿಡಿಯೊ ಕಂಪ್ರೆಶನ್ನಿನ ಹೊಟ್ಟೆಯಲ್ಲಿರೋ ಕೊಸೈನ್ ಟ್ರಾನ್ಸ್‌ಫಾರ್ಮ್ ಇದೇ ಫೋರಿಯರ್ ಮನೆಯ ಇನ್ನೊಂದು ಕುಡಿ.

ಅಂದ್ರೆ ಮ್ಯಾಥ್ಸ್, ಮಲ್ಟಿಮೀಡಿಯಾ, ಟೆಲಿಕಾಂ ಅಂತ ನಾವು ಮೂರು ಡಬ್ಬದಲ್ಲಿ ಇಟ್ಟಿದ್ದು ಆತನಿಗೆ ಒಂದೇ ಡಬ್ಬ. ಇದನ್ನ ಗಮನಿಸಿದಾಗ ನನಗೆ ಸ್ವಲ್ಪ ಹೊಟ್ಟೆ ಉರೀತು. ಫೋರಿಯರ್ ಸೀರೀಸ್‌ನ ನಾವೂ ಮಾಡಿದ್ದೀವಿ. ಎರಡು ಪೂರ್ತಿ ಪ್ರಶ್ನೆ ಬರತ್ತೆ, ಆಡ್ ಫಂಕ್ಷನ್ ಆದ್ರೆ ಅರ್ಧ ಲೆಕ್ಕ ಉಳಿಯತ್ತೆ ಅನ್ನೋದಷ್ಟೇ ಅದರಿಂದ ನಮಗೆ ದಕ್ಕಿದ ಸತ್ಯ. ಅದು ಗುಣಾಕಾರಕ್ಕೂ ವಿಡಿಯೊಗೂ ಫೋನಿಗೂ ಒಟ್ಟಿಗೇ ಬೇಕಾಗತ್ತೆ ಅಂತ ಆ ಇಡೀ ಸೆಮಿಸ್ಟರಲ್ಲಿ ಯಾರಾದ್ರೂ ಹತ್ತು ನಿಮಿಷ ಹೇಳಿದ್ರೆ ಹಿಂದಿನ ಬೆಂಚೂ ಎದ್ದು ಕೂರ್ತಿತ್ತು.

ಇನ್ನೊಂದು ದಾರಿ ಕಂಪೈಲರ್‌ನದ್ದು. 2001ರ ಆ ಸ್ಪರ್ಧೆಗೆ ಬೆಲಾರ್ ಕಳಿಸಿದ್ದು ತನ್ನನ್ನ ತಾನೇ ಕಂಪೈಲ್ ಮಾಡಿಕೊಳ್ಳಬಲ್ಲ ಒಂದು ಪುಟ್ಟ ಸಿ ಕಂಪೈಲರ್. ಅದನ್ನೇ ಬೆಳೆಸಿ ಟೈನಿ ಸಿ ಕಂಪೈಲರ್ ಮಾಡಿದ. ಅದು ಎಷ್ಟು ವೇಗ ಅಂದ್ರೆ, 2004ರಲ್ಲಿ ಅದನ್ನ ಇಟ್ಕೊಂಡು ಒಂದು ಬೂಟ್‌ಲೋಡರ್ ಬರೆದ. ಕಂಪ್ಯೂಟರ್ ಆನ್ ಮಾಡಿದ್ರೆ ಲಿನಕ್ಸ್ ಕರ್ನೆಲ್ಲನ್ನ ಸೋರ್ಸ್ ಕೋಡಿನಿಂದ ಕಂಪೈಲ್ ಮಾಡಿ ಅಲ್ಲಿಂದಲೇ ಬೂಟ್ ಮಾಡತ್ತೆ, ಆ ಕಾಲದ ಪೆಂಟಿಯಮ್ 4ರಲ್ಲಿ 15 ಸೆಕೆಂಡಿನೊಳಗೆ. ನಮ್ಮ ಲ್ಯಾಬಿನ ಕೆಲವು ಸಿಸ್ಟಮ್ಮುಗಳು ಕಂಪೈಲ್ ಏನೂ ಮಾಡದೆಯೇ ಇದಕ್ಕಿಂತ ಜಾಸ್ತಿ ಹೊತ್ತು ತಗೋತವೆ.

ಕ್ಯೂ-ಎಮು ಮಾಡೋದು ಏನು? ಒಂದು ಪ್ರೊಸೆಸರಿಗೆ ಬರೆದ ಮಷೀನ್ ಕೋಡನ್ನ ಇನ್ನೊಂದು ಪ್ರೊಸೆಸರಿನ ಮಷೀನ್ ಕೋಡಿಗೆ, ಓಡ್ತಾ ಇರೋವಾಗಲೇ, ತುಂಡು ತುಂಡಾಗಿ ಅನುವಾದಿಸೋದು. ಒಮ್ಮೆ ಅನುವಾದ ಮಾಡಿದ ತುಂಡನ್ನ ಎತ್ತಿಟ್ಟುಕೊಂಡು ಮತ್ತೆ ಬಳಸತ್ತೆ. ಮೊದಲ ಆವೃತ್ತಿಯಲ್ಲಿ ಆತ ಮಾಡಿದ ಉಪಾಯ ನನಗೆ ತುಂಬಾ ಇಷ್ಟ. ಪ್ರತಿ ಸಣ್ಣ ಕೆಲಸವನ್ನೂ ಸಿಯಲ್ಲಿ ಒಂದೊಂದು ಪುಟ್ಟ ಫಂಕ್ಷನ್ ಮಾಡಿ, ಜಿಸಿಸಿ ಕೈಯಲ್ಲಿ ಮುಂಚೆಯೇ ಕಂಪೈಲ್ ಮಾಡಿಸಿ ಇಟ್ಟ. ಓಡೋವಾಗ ಆ ಮಷೀನ್ ಕೋಡ್ ತುಣುಕುಗಳನ್ನ ಕತ್ತರಿಸಿ ಒಂದರ ಪಕ್ಕ ಒಂದು ಅಂಟಿಸೋದು! ಪ್ರತಿ ಪ್ರೊಸೆಸರಿಗೂ ಹೊಸದಾಗಿ ಕೋಡ್ ಜನರೇಟರ್ ಬರೆಯೋ ಕೆಲಸ ಉಳೀತು. ಕಂಪೈಲರ್ ಹೊರಗೆ ಕಕ್ಕೋದು ಏನು ಅಂತ ಕಣ್ಣಾರೆ ನೋಡಿದವನಿಗೆ ಮಾತ್ರ ಇದು ಹೊಳೆಯತ್ತೆ. ಇದರ ಬೆಲೆಯನ್ನೂ ತೆರಬೇಕಾಯ್ತು. ಜಿಸಿಸಿಯ ಹೊಸ ಆವೃತ್ತಿ ಕೋಡ್ ಜೋಡಿಸೋ ರೀತಿ ಬದಲಾಯಿಸಿದಾಗ ಈ ಅಂಟಿಸೋ ಆಟ ಕೈ ಕೊಡ್ತು. ಆಮೇಲೆ ಆ ಜಾಗಕ್ಕೆ ಟಿಸಿಜಿ ಅನ್ನೋ ಸರಿಯಾದ ಕೋಡ್ ಜನರೇಟರ್ ಬಂತು. ಅದು ಮೊದಲು ಶುರುವಾಗಿದ್ದು ಒಂದು ಸಿ ಕಂಪೈಲರಿನ ಹಿಂಭಾಗವಾಗಿ.

ಜೆಎಸ್‌ಲಿನಕ್ಸ್ ಹೆಸರು ಕೇಳಿದ್ರೆ ವೆಬ್ ಡೆವಲಪ್‌ಮೆಂಟ್ ಅನಿಸತ್ತೆ. ಆದ್ರೆ ಅದು ಒಂದು ಪಿಸಿಯ ಎಮ್ಯುಲೇಟರ್, ಜಾವಾಸ್ಕ್ರಿಪ್ಟಲ್ಲಿ ಬರೆದಿದ್ದು ಅಷ್ಟೆ. ಎಂಟು ವರ್ಷದಿಂದ ಎಮ್ಯುಲೇಟರ್ ಗೊತ್ತಿದ್ದವನಿಗೆ ಭಾಷೆ ಮಾತ್ರ ಹೊಸದು.

ಹಾಗಾಗಿ ಬೆಲಾರ್ ಹತ್ತು ವಿಷಯ ಕಲಿತ ಅಂತ ನಾನು ಒಪ್ಪಲ್ಲ. ನನ್ನ ಲೆಕ್ಕದಲ್ಲಿ ಎರಡೋ ಮೂರೋ ವಿಷಯವನ್ನ ನೆಲ ಮುಟ್ಟೋ ತನಕ ಕಲಿತ: ಬಿಟ್ಟುಗಳನ್ನ ಹಿಂಡೋದು ಹೇಗೆ, ದೊಡ್ಡ ಲೆಕ್ಕವನ್ನ ಬೇಗ ಮಾಡೋದು ಹೇಗೆ, ಒಂದು ಭಾಷೆಯನ್ನ ಇನ್ನೊಂದಕ್ಕೆ ತಿರುಗಿಸೋದು ಹೇಗೆ. ಕೆಳಗೆ ನೀರು ಒಂದೇ ಇರೋದರಿಂದ ಎಲ್ಲಿ ಬೇಕಾದ್ರೂ ಮೇಲೆ ಬಂದ. 17ನೇ ವಯಸ್ಸಲ್ಲಿ ಫೈಲ್ ಹಿಂಡ್ತಿದ್ದವನು ಐವತ್ತು ದಾಟಿದ ಮೇಲೂ ಹಿಂಡ್ತಾನೇ ಇದ್ದಾನೆ, ಈಗ ನ್ಯೂರಲ್ ನೆಟ್‌ವರ್ಕ್ ಹಿಡ್ಕೊಂಡು. ಒಂದೇ ಸ್ಟ್ಯಾಕ್ ಹಿಡಿ ಅಂದ ಸೀನಿಯರ್‌ಗೂ ನಾನು ಇದನ್ನೇ ಹೇಳೋದು. ಸ್ಟ್ಯಾಕ್ ಅಂತ ನಾವು ಕರೆಯೋದು ಬಾವಿಯ ಕಟ್ಟೆ ಮಾತ್ರ. ಒಂದು ಫ್ರೇಮ್‌ವರ್ಕನ್ನೇ ಹತ್ತು ವರ್ಷ ಬಳಸಿದ್ರೆ ಕಟ್ಟೆ ಸವೆಯಬಹುದು, ನೀರು ಸಿಗಲ್ಲ.

ಇಲ್ಲಿ ಒಂದು ಮಾತು ಸೇರಿಸದಿದ್ರೆ ಅನ್ಯಾಯ ಆಗತ್ತೆ. ಯೂಟ್ಯೂಬ್ ವಿಡಿಯೊಗಳಲ್ಲಿ ಇಂಥವರ ಕಥೆಯನ್ನ ಒಂಟಿ ಸಲಗದ ಕಥೆ ಥರ ಹೇಳ್ತಾರೆ. ಎಫ್‌ಎಫ್‌ಎಂಪೆಗ್‌ನ ಬೆಲಾರ್ ನಡೆಸಿದ್ದು ಮೊದಲ ಕೆಲವು ವರ್ಷ ಮಾತ್ರ. ಆಮೇಲೆ ಮಿಖಾಯೆಲ್ ನೀಡರ್‌ಮೇಯರ್ ವಹಿಸಿಕೊಂಡ್ರು, ಎಷ್ಟೋ ಜನ ಕೋಡೆಕ್ ಮೇಲೆ ಕೋಡೆಕ್ ಸೇರಿಸಿದ್ರು. ಕ್ಯೂ-ಎಮು ಕೂಡ ಇವತ್ತು ಬೇರೆಯವರ ಕೈಯಲ್ಲೇ ಬೆಳೀತಿದೆ. ನಿಮ್ಮ ಫೋನಲ್ಲಿ ಶೂಟ್ ಮಾಡಿದ ವಿಡಿಯೊ ಇವತ್ತು ಸರಿಯಾಗಿ ಪ್ಲೇ ಆಗತ್ತೆ ಅಂದ್ರೆ ಅದಕ್ಕೆ ಆ ಉಳಿದವರು ಕಾರಣ. ಅವರ ಕೆಲಸದಲ್ಲಿ ಗ್ಲಾಮರ್ ಇಲ್ಲ. ಬಗ್ ರಿಪೋರ್ಟ್ ಓದೋದು, ಹಳೇದು ಮುರಿಯದ ಹಾಗೆ ನೋಡಿಕೊಳ್ಳೋದು, ಅಪರಿಚಿತರು ಕಳಿಸಿದ ಪ್ಯಾಚ್ ತಿದ್ದೋದು. ಬೆಲಾರ್ ಮುಂದಿನದಕ್ಕೆ ಹೋಗೋಕೆ ಸಾಧ್ಯ ಆಗಿದ್ದು ಹಿಂದಿನದನ್ನ ಹಿಡಿಯೋ ಜನ ಇದ್ದಿದ್ದರಿಂದ. ಮತ್ತೆ ಆತ ಬಿಟ್ಟುಕೊಟ್ಟ ಕೋಡ್ ಬೇರೆಯವರು ಹಿಡಿಯೋ ಸ್ಥಿತಿಯಲ್ಲಿತ್ತು, ಇದೂ ಒಂದು ಸ್ಟ್ರೆಂತ್. ನಮ್ಮ ಮಿನಿ ಪ್ರಾಜೆಕ್ಟ್ ಫೋಲ್ಡರುಗಳನ್ನ ನೆನೆಸಿಕೊಳ್ಳಿ: ಫೈನಲ್, ಫೈನಲ್ 2, ಫೈನಲ್ ಒರಿಜಿನಲ್. ಜೂನಿಯರ್‌ಗೆ ಕೊಟ್ರೆ ಓಡಿಸೋಕೆ ಆಗತ್ತಾ?

ಇಷ್ಟು ಹೇಳಿದ್ರೆ ನನ್ನ ರೂಮ್‌ಮೇಟ್ ಒಂದೇ ಏಟಿಗೆ ಹೊಡೀತಾನೆ: "ಮಗಾ, ಅವನು ಜೀನಿಯಸ್. ಫ್ರಾನ್ಸಿನ ಟಾಪ್ ಕಾಲೇಜು. ನಂಗೆ 8 ಪಾಯಿಂಟರ್ ಉಳಿಸಿಕೊಳ್ಳೋದೇ ಕಷ್ಟ. ಕಂಪನಿಯವರು ಬಂದಾಗ ಫೋರಿಯರ್ ಕೇಳಲ್ಲ, ಲೀಟ್‌ಕೋಡ್ ಕೇಳ್ತಾರೆ."

ಅವನ ಮಾತಲ್ಲಿ ಅರ್ಧ ನಿಜ ಇದೆ, ಅದನ್ನ ಒಪ್ಕೋಬೇಕು. ಅಷ್ಟು ಪ್ರತಿಭೆ ಎಲ್ಲರಿಗೂ ಬರಲ್ಲ. ಆನ್‌ಲೈನ್ ಟೆಸ್ಟಲ್ಲಿ ಕೀವರ್ಡ್ ನೋಡಿ ರೆಸ್ಯೂಮೆ ಸೋಸೋದೂ ನಿಜ. ಅದಕ್ಕೆ ಬೇಕಾದಷ್ಟು ಡಿಎಸ್‌ಎ ನಾನೂ ಮಾಡ್ತೀನಿ, ಮಾಡಬೇಡಿ ಅಂತ ಯಾರಿಗೂ ಹೇಳಲ್ಲ. ಆದ್ರೆ ದೊಡ್ಡ ಸಂಖ್ಯೆಯಲ್ಲಿ ತಗೊಳ್ಳೋ ಕಂಪನಿಗಳಿಗೆ ಸೇರಿದ ನಮ್ಮ ಸೀನಿಯರ್‌ಗಳನ್ನ ಕೇಳಿ ನೋಡಿ. ಯಾವ ಟೆಕ್ನಾಲಜಿ ಸಿಗತ್ತೆ ಅಂತ ಅವರು ಆರಿಸಿಲ್ಲ. ಟ್ರೈನಿಂಗ್ ಆಯ್ತು, ಕೆಲವರಿಗೆ ಬೆಂಚ್, ಆಮೇಲೆ ಯಾವ ಪ್ರಾಜೆಕ್ಟ್ ಖಾಲಿ ಇತ್ತೋ ಅದು. ರೆಸ್ಯೂಮೆಯಲ್ಲಿದ್ದ 22ರಲ್ಲಿ ಯಾವುದೂ ಅಲ್ಲದ 23ನೆಯದು. ಹೆಸರು ಗೊತ್ತಿರೋದರಿಂದ ಅಲ್ಲಿ ಏನೂ ಆಗಲ್ಲ. ಮೆಮೊರಿ ಅಂದ್ರೇನು, ಪ್ರೋಸೆಸ್ ಅಂದ್ರೇನು, ನೆಟ್‌ವರ್ಕ್ ಮೇಲೆ ಬೈಟ್ ಹೇಗೆ ಹೋಗತ್ತೆ ಅಂತ ಒಮ್ಮೆ ಕೈಯಾರೆ ಮಾಡಿ ನೋಡಿದವರು ಮೂರು ವಾರದಲ್ಲಿ ಎದ್ದು ನಿಲ್ತಾರೆ. ಅದಕ್ಕೆ ಜೀನಿಯಸ್ ಬೇಕಿಲ್ಲ.

ಎಐ ಕೋಡ್ ಬರೆದುಕೊಡೋಕೆ ಶುರು ಮಾಡಿದ ಮೇಲಂತೂ ಹೆಸರುಗಳ ಪಟ್ಟಿಗೆ ಬೆಲೆಯೇ ಇಳೀತು. ಗೊತ್ತಿಲ್ಲದ ಭಾಷೆಯಲ್ಲಿ ಒಂದು ಆ್ಯಪ್ ಮಾಡಿಸೋದು ಈಗ ಅರ್ಧ ಗಂಟೆಯ ಕೆಲಸ, ನಮ್ಮ ಫೆಸ್ಟಿನ ವೆಬ್‌ಸೈಟ್ ಈ ಸಲ ಹಾಗೇ ಆಯ್ತು. ಆದ್ರೆ ಫೆಸ್ಟಿನ ದಿನ ರಿಜಿಸ್ಟ್ರೇಶನ್ ಪೇಜ್ ನಿಂತುಹೋದಾಗ ಆರು ಜನ ಲ್ಯಾಪ್‌ಟಾಪ್ ಸುತ್ತ ನಿಂತು ಅದನ್ನೇ ಮತ್ತೆ ಮತ್ತೆ ಕೇಳ್ತಿದ್ರು. ಡೇಟಾಬೇಸ್ ಕನೆಕ್ಷನ್ನುಗಳು ಮುಚ್ಚದೆ ಹಾಗೇ ಉಳಿದು ತುಂಬಿಹೋಗಿವೆ ಅಂತ ಲಾಗ್ ನೋಡಿ ಹೇಳಿದ್ದು ಈಸಿ ಬ್ರಾಂಚಿನ ಒಬ್ಬಳು ಹುಡುಗಿ. ಅವಳ ರೆಸ್ಯೂಮೆಯಲ್ಲಿ ವೆಬ್ ಅನ್ನೋ ಪದವೇ ಇಲ್ಲ. ಸಾಕೆಟ್ ಪ್ರೋಗ್ರಾಮಿಂಗ್ ಅಂತ ಒಂದು ಸಾಲು ಇದೆ.

ಹಾಗಾದ್ರೆ ಸ್ಟ್ರೆಂತ್ಸ್ ಕಾಲಂನಲ್ಲಿ ಏನು ಬರೀಬೇಕು? ವರ್ಸಟೈಲ್ ಅನ್ನೋ ಪದ ತೆಗೆದು ಆ ಜಾಗದಲ್ಲಿ ನಾವು ಕೆಳಗಿಂದ ಕಟ್ಟಿ ಮುಗಿಸಿದ ಒಂದು ವಸ್ತುವಿನ ಹೆಸರು ಇಡೋಣ ಅಂತ ನಾನು. ಚಿಕ್ಕದಾಗಿರಲಿ, ಓಡಲಿ. ಅದರ ಮೇಲೆ ಯಾರು ಏನು ಪ್ರಶ್ನೆ ಕೇಳಿದ್ರೂ ಉತ್ತರ ಇರಲಿ. ನಮ್ಮ ಪ್ಲೇಸ್‌ಮೆಂಟ್ ಸೆಲ್ ಕೊಡೋ ರೆಸ್ಯೂಮೆ ಫಾರ್ಮ್ಯಾಟಲ್ಲೇ ಸ್ಕಿಲ್ಸ್‌ಗೆ ಅರ್ಧ ಪುಟ, ಪ್ರಾಜೆಕ್ಟ್‌ಗೆ ಮೂರು ಸಾಲು ಬಿಟ್ಟಿದ್ದಾರೆ. ಅದನ್ನ ತಿರುಗಿಸಿ ಅಂತ ಕೇಳೋಕೆ ನಾವು ಕೆಲವರು ಈ ವಾರ ಹೋಗ್ತಿದ್ದೀವಿ.

ಮತ್ತೆ ಈ ಸೆಮ್ ರಜೆಗೆ ನಾವು ಮೂರು ಜನ ಸೇರಿ ಚಿಪ್-8 ಎಮ್ಯುಲೇಟರ್ ಬರೀತಿದ್ದೀವಿ. 1970ರ ದಶಕದ ಒಂದು ಪುಟ್ಟ ಕಾಲ್ಪನಿಕ ಕಂಪ್ಯೂಟರ್ ಅದು. 35 ಇನ್‌ಸ್ಟ್ರಕ್ಷನ್, 4 ಕೆಬಿ ಮೆಮೊರಿ, 64 ಅಡ್ಡ 32 ಉದ್ದದ ಕಪ್ಪು ಬಿಳಿ ಸ್ಕ್ರೀನ್. ಮುಗಿಸಿದ್ರೆ ಅದರಲ್ಲಿ ಪಾಂಗ್ ಆಡಬಹುದು. ಸಿ ಗೊತ್ತಿದ್ರೆ ಸಾಕು, ಯಾವ ಬ್ರಾಂಚ್ ಆದ್ರೂ ಪರವಾಗಿಲ್ಲ, ಮೆಕ್ಕಿನವರೂ ಬರಬಹುದು. ಕೊನೇ ಪೇಪರ್ ಆದ ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಲೈಬ್ರರಿ ಹಿಂದಿನ ರೀಡಿಂಗ್ ರೂಮಲ್ಲಿ ಇರ್ತೀವಿ. ಚಾರ್ಜರ್ ತನ್ನಿ, ಅಲ್ಲಿ ಕೆಲಸ ಮಾಡೋ ಪ್ಲಗ್ ಪಾಯಿಂಟ್ ಎರಡೇ ಇರೋದು, ಎಕ್ಸ್‌ಟೆನ್ಶನ್ ಬೋರ್ಡ್ ನಾನು ತರ್ತೀನಿ.